ಇ-ರೀಡರ್‌ಗೆ ವೈಫೈ ಸಿಗುತ್ತಿಲ್ಲವೇ? ರೀಸೆಟ್ ಒತ್ತುವ ಮುಂಚೆ ಇಷ್ಟು ನೋಡಿ

ಹೋದ ಜುಲೈನಲ್ಲಿ ಕೊಡಗಿನ ನಾಪೋಕ್ಲು ಕಡೆಯಿಂದ ನಮ್ಮ ಚಿಕ್ಕಮ್ಮ ಫೋನ್ ಮಾಡಿದ್ದರು. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಅವರ ಮಾತು ಅರ್ಧ ಕೇಳಿಸುತ್ತಿರಲಿಲ್ಲ. "ಮಗಾ, ಆ ಓದೋ ಸ್ಲೇಟು ಇದೆಯಲ್ಲ, ಅದಕ್ಕೆ ವೈಫೈ ಬರ್ತಿಲ್ಲ. ಹುಡುಗ ಬಂದು ಹೊಸ ಡಬ್ಬ ಕೂರಿಸಿ ಹೋದ ಮೇಲೆ ಹೀಗಾಯ್ತು. ಫೋನಿಗೆಲ್ಲ ಚೆನ್ನಾಗೇ ಬರುತ್ತೆ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಮಾತು ಬಂತು. "ಯಾರೋ ರೀಸೆಟ್ ಮಾಡಿ ಅಂದ್ರು, ಮಾಡಿಬಿಟ್ಟೆ. ಈಗ ಒಂದು ಪುಸ್ತಕವೂ ಇಲ್ಲ."

ಚಿಕ್ಕಮ್ಮ ನಿವೃತ್ತ ಟೀಚರ್. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಅಚ್ಚಿನ ಪುಸ್ತಕ ಕಷ್ಟವಾಗಿತ್ತು. ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು ಎಂದು ಇ-ರೀಡರ್ ಕೊಡಿಸಿದ್ದೆವು. ಮಳೆಗಾಲದ ಮೂರು ತಿಂಗಳು ಅವರಿಗೆ ಅದೇ ಸಂಗಾತಿ. ರೀಸೆಟ್ ಮಾಡಿದ್ದರಿಂದ ಒಳಗಿದ್ದ ಪುಸ್ತಕಗಳೂ ಹೋದವು, ಖಾತೆಯೂ ಹೋಯಿತು. ಖಾತೆಯನ್ನು ಮತ್ತೆ ಸೇರಿಸಲು ವೈಫೈ ಬೇಕು. ವೈಫೈ ಬರದೆ ಇದ್ದುದೇ ಮೂಲ ಸಮಸ್ಯೆ ಅಲ್ವಾ? ಮನೆಯೊಳಗೆ ಕೀಲಿ ಬಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು.

ಎರಡು ದಿನ ಬಿಟ್ಟು ನಾನು ಹೋದಾಗ ಹತ್ತು ನಿಮಿಷದಲ್ಲಿ ಸರಿಯಾಯಿತು. ಇ-ರೀಡರ್‌ನಲ್ಲಿ ಏನೂ ಕೆಟ್ಟಿರಲಿಲ್ಲ. ಹೊಸ ರೂಟರ್‌ನಲ್ಲಿ, ಅಂದರೆ ಮನೆಗೆ ವೈಫೈ ಹಂಚುವ ಆ ಹೊಸ ಡಬ್ಬದಲ್ಲಿ, ಒಂದು ಸೆಟ್ಟಿಂಗ್ ಬೇರೆ ಇತ್ತು, ಅಷ್ಟೆ. ಅದಕ್ಕೇ ನಾನು ನೋಡುವ ಕ್ರಮದಲ್ಲಿಯೇ ಇದನ್ನು ಬರೆಯುತ್ತಿದ್ದೇನೆ. ರೀಸೆಟ್ ಎಂಬ ಪದ ನಿಮ್ಮ ತಲೆಯಲ್ಲಿ ಕೊನೆಯ ಸಾಲಿನಲ್ಲಿರಲಿ.

ಮೊದಲು ತಪ್ಪು ಎಲ್ಲಿದೆ ಎಂದು ಹುಡುಕಿ

ಮೂರು ಜಾಗಗಳಲ್ಲಿ ತೊಂದರೆ ಇರಬಹುದು: ಮನೆಗೆ ಬರುವ ಲೈನು, ರೂಟರ್, ಇಲ್ಲವೇ ಇ-ರೀಡರ್. ಫೋನ್ ಕೈಗೆ ತೆಗೆದುಕೊಳ್ಳಿ. ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಮಾತ್ರ ಇಟ್ಟುಕೊಂಡು ಯಾವುದಾದರೂ ಹೊಸ ಪುಟ ತೆರೆಯಿರಿ. ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ. ವೈಫೈ ಸತ್ತಿದ್ದರೂ ಫೋನ್ ಸದ್ದಿಲ್ಲದೆ ಡೇಟಾಗೆ ಹಾರಿ ಕೆಲಸ ಮಾಡುತ್ತಿರುತ್ತದೆ. ನಾವು "ಫೋನಿಗೆ ಬರ್ತಿದೆ" ಅಂದುಕೊಂಡು ಇ-ರೀಡರನ್ನು ಬೈಯುತ್ತಾ ಕೂರುತ್ತೇವೆ.

ಫೋನಿಗೂ ಬರದಿದ್ದರೆ ಇ-ರೀಡರ್ ಬದಿಗಿಟ್ಟು, ಫೈಬರ್ ಬಂದು ಸೇರುವ ಡಬ್ಬದ ದೀಪಗಳನ್ನು ನೋಡಿ. ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗೆ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ನಮ್ಮ ಕಡೆ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಗಾಳಿಗೆ ಎಲ್ಲೋ ಸಿಲ್ವರ್ ಓಕ್ ಕೊಂಬೆ ಕೇಬಲ್ ಮೇಲೆ ಬಿದ್ದಿರುತ್ತದೆ. ಡಬ್ಬದ ಹಿಂದೆ ಫೈಬರ್ ತುಂಬಾ ಮಡಚಿ ಹೋಗಿದ್ದರೂ ಹೀಗಾಗುತ್ತದೆ. ಒಮ್ಮೆ ಅದನ್ನು ಸಡಿಲ ಬಿಟ್ಟು ನೋಡಿ. ಆಮೇಲೂ ಕೆಂಪೇ ಇದ್ದರೆ ದೂರು ಕೊಟ್ಟು ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ. ತೀರಾ ಬೇಕೆನಿಸಿದರೆ ಕೆಳಗೆ ಹೇಳಿರುವ ಹಾಟ್‌ಸ್ಪಾಟ್ ಅಥವಾ ಕೇಬಲ್ ದಾರಿಗೆ ಹೋಗಿ.

ಎಲ್‌ಒಎಸ್ ಕೆಂಪಿಲ್ಲ, ಆದರೂ ಫೋನಿಗೆ ಬರುತ್ತಿಲ್ಲ ಎಂದರೆ ರೂಟರ್ ಸ್ವಿಚ್ ಆಫ್ ಮಾಡಿ. ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಕೆಲವರ ಮನೆಯಲ್ಲಿ ಫೈಬರ್ ಡಬ್ಬ ಬೇರೆ, ವೈಫೈ ಡಬ್ಬ ಬೇರೆ ಇರುತ್ತದೆ. ಆಗ ಮೊದಲು ಫೈಬರ್ ಡಬ್ಬ ಹಾಕಿ, ಅದರ ದೀಪಗಳು ನಿಂತ ಮೇಲೆ ವೈಫೈ ಡಬ್ಬ ಹಾಕಿ. ಎರಡು ಮೂರು ನಿಮಿಷ ಕಾಯಿರಿ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುವ ಜೂನ್, ಜುಲೈನಲ್ಲಿ ರೂಟರ್ ಅರ್ಧ ಎದ್ದು ಅರ್ಧ ಮಲಗಿದಂತೆ ನಿಂತಿರುತ್ತದೆ. ರೂಟರ್‌ಗೆಂದೇ ಸಿಗುವ 12 ವೋಲ್ಟಿನ ಚಿಕ್ಕ ಯುಪಿಎಸ್ ಒಂದನ್ನು ಹಾಕಿಸಿಕೊಂಡರೆ ಈ ಕಾಟ ಎಷ್ಟೋ ಕಡಿಮೆ. ಕೊಳ್ಳುವ ಮುಂಚೆ ನಿಮ್ಮ ರೂಟರ್‌ನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಎಂದು ಬರೆದಿದೆ, ನೋಡಿಕೊಳ್ಳಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಅಡಾಪ್ಟರ್ ಪ್ಲಗ್ ಕಿತ್ತಿಡಿ. ಫೈಬರ್ ಒಳಗಿರುವುದು ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಸಿಡಿಲಿನ ಹೊಡೆತ ಕರೆಂಟ್ ಲೈನಿನಿಂದ ಅಡಾಪ್ಟರ್ ಮೂಲಕ ಒಳಗೆ ಬರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಲೇಬೇಕು.

ಫೋನಿಗೆ ಬರುತ್ತಿದೆ, ಇ-ರೀಡರ್‌ಗೆ ಮಾತ್ರ ಇಲ್ಲ

ಈಗ ಇ-ರೀಡರ್ ಕೈಗೆತ್ತಿಕೊಳ್ಳಿ. ಮೊದಲು ಚಾರ್ಜ್ ನೋಡಿ. ಪುಟ ತಿರುಗಿಸಲು ಇದಕ್ಕೆ ಬೇಕಾಗುವ ಕರೆಂಟ್ ತೀರಾ ಕಡಿಮೆ, ಆದರೆ ವೈಫೈಗೆ ಜಾಸ್ತಿ ಬೇಕು. ಬ್ಯಾಟರಿ ತಳ ಕಂಡಿದ್ದರೆ ಓದಲು ಆಗುತ್ತಿದ್ದರೂ ವೈಫೈ ಸರಿಯಾಗಿ ಏಳದೇ ಇರಬಹುದು. ಅರ್ಧ ಗಂಟೆ ಚಾರ್ಜ್‌ಗೆ ಹಾಕಿ.

ಆಮೇಲೆ ಏರ್‌ಪ್ಲೇನ್ ಮೋಡ್ ನೋಡಿ. ಈಚಿನ ಕಿಂಡಲ್‌ಗಳಲ್ಲಿ (ಅಮೆಜಾನ್ ಕಂಪನಿಯ ಇ-ರೀಡರ್) ಮೇಲಿನಿಂದ ಕೆಳಗೆ ಬೆರಳು ಎಳೆದರೆ ಅದು ಕಾಣುತ್ತದೆ. ಹಳೆಯವುಗಳಲ್ಲಿ ಸೆಟ್ಟಿಂಗ್ಸ್ ಒಳಗಿದೆ. ಬ್ಯಾಟರಿ ಉಳಿಸಲು ನಾವೇ ಹಾಕಿ ಮರೆತಿರುತ್ತೇವೆ. ವಿಮಾನದ ಗುರುತು ಕಾಣದಿದ್ದರೂ ಒಮ್ಮೆ ಆನ್ ಮಾಡಿ, ಹತ್ತು ಎಣಿಸಿ, ಆಫ್ ಮಾಡಿ. ಸುಮ್ನೆ ಇಷ್ಟರಿಂದಲೇ ಸರಿಹೋದ ಉದಾಹರಣೆಗಳು ಬೇಕಾದಷ್ಟಿವೆ.

ಅದೂ ಆಗಲಿಲ್ಲವೇ? ರೀಸ್ಟಾರ್ಟ್ ಮಾಡಿ. ಕಿಂಡಲ್ ಆದರೆ ಪವರ್ ಬಟನ್ ಒತ್ತಿ ಹಿಡಿದು 40 ಸೆಕೆಂಡ್ ಬಿಡಬೇಡಿ. ಮಧ್ಯದಲ್ಲಿ ಏನಾದರೂ ಕೇಳಿದರೂ ಬೆರಳು ತೆಗೆಯಬೇಡಿ. ಕೊಬೋ (ಇನ್ನೊಂದು ಕಂಪನಿಯ ಇ-ರೀಡರ್) ಆದರೆ ಪವರ್ ಆಫ್ ಆಯಿತು ಎಂಬ ಸಾಲು ಬರುವವರೆಗೆ ಒತ್ತಿ ಹಿಡಿದು, ಮತ್ತೆ ಆನ್ ಮಾಡಿ. ಕವರ್ ಮುಚ್ಚಿದರೆ ಇ-ರೀಡರ್ ನಿದ್ದೆ ಹೋಗುತ್ತದೆ ಅಷ್ಟೆ, ಆಫ್ ಆಗುವುದಿಲ್ಲ. ತಿಂಗಳುಗಟ್ಟಲೆ ರೀಸ್ಟಾರ್ಟ್ ಕಾಣದ ಇ-ರೀಡರ್‌ಗಳೇ ಜಾಸ್ತಿ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೀಸ್ಟಾರ್ಟ್ ಮಾಡಿದರೆ ಒಂದು ಪುಸ್ತಕವೂ ಹೋಗುವುದಿಲ್ಲ, ಧೈರ್ಯವಾಗಿ ಮಾಡಿ. ಮೆನುವಿನಲ್ಲಿ ಎರಡೂ ಹತ್ತಿರ ಹತ್ತಿರ ಇರುತ್ತವೆ, ಓದಿ ಒತ್ತಿ.

2.4 ಮತ್ತು 5: ಚಿಕ್ಕಮ್ಮನ ಮನೆಯಲ್ಲಿ ಆಗಿದ್ದು ಇದೇ

ಈಗಿನ ರೂಟರ್‌ಗಳು ಎರಡು ಅಲೆಗಳಲ್ಲಿ ವೈಫೈ ಬಿಡುತ್ತವೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. 5ರಲ್ಲಿ ವೇಗ ಜಾಸ್ತಿ, ದೂರ ಕಡಿಮೆ. 2.4ರಲ್ಲಿ ವೇಗ ಕಡಿಮೆ, ಆದರೆ ಗೋಡೆ ದಾಟುವ ಶಕ್ತಿ ಜಾಸ್ತಿ. ಫೋನು, ಲ್ಯಾಪ್‌ಟಾಪ್ ಎರಡನ್ನೂ ಹಿಡಿಯುತ್ತವೆ. ಆದರೆ ಎಷ್ಟೋ ಇ-ರೀಡರ್‌ಗಳು 2.4 ಮಾತ್ರ ಹಿಡಿಯುತ್ತವೆ. ಉದಾಹರಣೆಗೆ 2018ರ ಕಿಂಡಲ್ ಪೇಪರ್‌ವೈಟ್‌ಗೆ 5 ಎಂಬುದು ಕಾಣುವುದೇ ಇಲ್ಲ. 2021ರ ಪೇಪರ್‌ವೈಟ್‌ನಲ್ಲಿ 5 ಕೂಡ ಬಂತು.

ಹಾಗಾಗಿ ನಿಮ್ಮ ಇ-ರೀಡರ್ ಹಳೆಯದಾಗಿದ್ದು, ರೂಟರ್‌ನಲ್ಲಿ 2.4 ಆಫ್ ಆಗಿದ್ದರೆ, ಇ-ರೀಡರ್‌ನ ವೈಫೈ ಪಟ್ಟಿಯಲ್ಲಿ ಪಕ್ಕದ ಮನೆಯ ಹೆಸರು ಕಾಣುತ್ತದೆ, ನಿಮ್ಮ ಮನೆಯದು ಕಾಣುವುದಿಲ್ಲ. ಇದೇ ದೊಡ್ಡ ಸುಳಿವು. ಒಂಟಿ ತೋಟದ ಮನೆಯಾದರೆ ಪಟ್ಟಿ ಪೂರ್ತಿ ಖಾಲಿ.

ಚಿಕ್ಕಮ್ಮನ ಮನೆ ಹಳೇ ಮಣ್ಣಿನ ಗೋಡೆಯದು, ಗೋಡೆಯ ದಪ್ಪ ಒಂದೂವರೆ ಅಡಿ. ಹೊಸ ರೂಟರ್ ಕೂತಿದ್ದು ಹಾಲ್‌ನ ಟಿವಿ ಹಿಂದೆ. ಅವರು ಓದುವುದು ಜಗಲಿಯ ಬೆತ್ತದ ಕುರ್ಚಿಯಲ್ಲಿ, ಕಾಲ ಬಳಿ ಒದ್ದೆ ಕೊಡೆ ಒಣಗುತ್ತಿರುತ್ತದೆ. ಇ-ರೀಡರನ್ನು ರೂಟರ್ ಪಕ್ಕಕ್ಕೇ ತಂದು ನೋಡಿದೆ. ಆಗಲೂ ಮನೆಯ ಹೆಸರು ಬರಲಿಲ್ಲ. ಹಾಗಾದರೆ ದೂರದ ತೊಂದರೆ ಅಲ್ಲ ಎಂದು ಖಾತ್ರಿಯಾಯಿತು. ನನ್ನ ಫೋನಿನ ವೈಫೈ ವಿವರ ತೆರೆದರೆ ಫ್ರೀಕ್ವೆನ್ಸಿ 5 ಎಂದಿತ್ತು. ರೂಟರ್ ಒಳಗೆ ಹೋಗಿ ನೋಡಿದರೆ 2.4 ಆಫ್!

ರೂಟರ್ ಒಳಗೆ ಹೋಗುವುದು ಕಷ್ಟವಲ್ಲ. ರೂಟರನ್ನು ತಿರುಗಿಸಿದರೆ ತಳದಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ 192.168.1.1 ಅಥವಾ 192.168.0.1 ತರಹದ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಬರೆದಿರುತ್ತದೆ. ಫೋನ್ ಅದೇ ವೈಫೈನಲ್ಲಿರುವಾಗ ಬ್ರೌಸರ್‌ನಲ್ಲಿ ಆ ವಿಳಾಸ ಹಾಕಿ. ಒಳಗೆ ವೈರ್‌ಲೆಸ್ ಅಥವಾ ಡಬ್ಲ್ಯುಎಲ್‌ಎಎನ್ ಎಂಬ ಭಾಗ ಹುಡುಕಿ. ಯಾವುದನ್ನಾದರೂ ಬದಲಿಸುವ ಮುಂಚೆ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ತಪ್ಪಾದರೆ ಮೊದಲಿನಂತೆ ಮಾಡಬಹುದು. ಚೀಟಿಯ ಪಾಸ್‌ವರ್ಡ್ ಹಿಡಿಯದಿದ್ದರೆ ರೂಟರ್ ಹಾಕಿದವರೇ ಬದಲಿಸಿರುತ್ತಾರೆ, ಅವರನ್ನೇ ಕೇಳಿ.

ಅಲ್ಲಿ ಮಾಡಬೇಕಾದ್ದು ಇಷ್ಟು. 2.4 ಆನ್ ಮಾಡಿ. ಎರಡಕ್ಕೂ ಒಂದೇ ಹೆಸರಿದ್ದರೆ 2.4ಕ್ಕೆ ಬೇರೆ ಹೆಸರು ಕೊಡಿ. ಒಂದೇ ಹೆಸರಿದ್ದರೂ ಇ-ರೀಡರ್ ಸೇರಿಕೊಳ್ಳಬೇಕು, ಆದರೆ ರೂಟರ್ ಅದನ್ನು 5ಕ್ಕೆ ತಳ್ಳಲು ನೋಡುವುದೂ ಇದೆ. ಆಗ ಒಂದು ಸಲ ಸಿಕ್ಕಿ, ಒಂದು ಸಲ ಸಿಗದೆ ತಲೆ ಕೆಡಿಸುತ್ತದೆ. ಬೇರೆ ಹೆಸರಿಟ್ಟರೆ ಆ ಗೊಂದಲವೇ ಇಲ್ಲ. ಚಿಕ್ಕಮ್ಮನ ಮನೆಯಲ್ಲಿ "ಜಗಲಿ" ಎಂದು ಹೆಸರಿಟ್ಟೆವು. ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಹಳೆಯ ಇ-ರೀಡರ್‌ಗಳಲ್ಲಿ ಕನ್ನಡ ಅಕ್ಷರದ ಹೆಸರು ಸರಿಯಾಗಿ ಮೂಡದೇ ಇರಬಹುದು.

ಮುಂದಿನದು ಸೆಕ್ಯುರಿಟಿ, ಅಂದರೆ ವೈಫೈಗೆ ಬೀಗ ಹಾಕುವ ವಿಧಾನ. ಡಬ್ಲ್ಯುಪಿಎ2 ಹಳೆಯದು, ಡಬ್ಲ್ಯುಪಿಎ3 ಹೊಸದು. ಅಲ್ಲಿ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಹಳೆಯ ಇ-ರೀಡರ್‌ಗಳು ಒಳಗೆ ಬರಲಾರವು. ಪಾಸ್‌ವರ್ಡ್ ಸರಿಯಿದ್ದರೂ ಸೇರಲು ಆಗಲಿಲ್ಲ ಎನ್ನುತ್ತವೆ. 2.4ಕ್ಕೆ ಡಬ್ಲ್ಯುಪಿಎ2 ಇಡಿ. ಪಾಸ್‌ವರ್ಡ್ ಇಲ್ಲದೆ ತೆರೆದಿಡುವುದು ಮಾತ್ರ ಬೇಡ.

ಕೊನೆಯದು ಚಾನೆಲ್, ಅಂದರೆ 2.4ರ ಒಳಗೇ ಇರುವ ನಂಬರ್ ಹಾಕಿದ ಓಣಿಗಳು. ಆಟೋ ಎಂದಿದ್ದರೆ 1, 6, 11ರಲ್ಲಿ ಒಂದನ್ನು ನೀವೇ ಆರಿಸಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ನಮ್ಮ ದೇಶದಲ್ಲಿ 12, 13 ಕೂಡ ಬಳಕೆಯಲ್ಲಿವೆ. ಅಮೆರಿಕದಲ್ಲಿ ಮಾತ್ರ ಸಾಮಾನ್ಯವಾಗಿ 11ರವರೆಗೇ. ಮಕ್ಕಳು ಅಲ್ಲಿಂದ ತಂದುಕೊಟ್ಟ ಇ-ರೀಡರ್ ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ! ರೂಟರ್ ತಾನಾಗಿ 12 ಅಥವಾ 13ಕ್ಕೆ ಹಾರಿದ ದಿನ ಅದಕ್ಕೆ ವೈಫೈ ಮಾಯವಾಗಬಹುದು. ನಿನ್ನೆ ಇತ್ತು, ಇವತ್ತಿಲ್ಲ, ನಾಳೆ ಮತ್ತೆ ಬಂತು ಎನ್ನುವ ತೊಂದರೆಯಾದರೆ ಇದರ ಮೇಲೆ ಕಣ್ಣಿಡಿ. ಮೈಕ್ರೋವೇವ್ ಒಲೆಯೂ 2.4ರ ಹತ್ತಿರದ ಅಲೆಯಲ್ಲೇ ಕೆಲಸ ಮಾಡುತ್ತದೆ. ಅದು ಓಡುತ್ತಿರುವಾಗ ಅಡುಗೆಮನೆಯಲ್ಲಿ ನಿಂತು ಪುಸ್ತಕ ಇಳಿಸಬೇಡಿ.

ಪಾಸ್‌ವರ್ಡ್ ತಪ್ಪು ಎನ್ನುತ್ತಿದ್ದರೆ

ಹಳೆಯ ಹೆಸರನ್ನೇ ಇಟ್ಟುಕೊಂಡು ಪಾಸ್‌ವರ್ಡ್ ಮಾತ್ರ ಬದಲಿಸಿದ್ದರೆ, ಇ-ರೀಡರ್ ಹಳೆಯ ಪಾಸ್‌ವರ್ಡನ್ನೇ ಕೊಡುತ್ತಿರುತ್ತದೆ. ವೈಫೈ ಪಟ್ಟಿಯಲ್ಲಿ ಆ ಹೆಸರನ್ನು ಒತ್ತಿ, ಫರ್ಗೆಟ್ ಮಾಡಿ, ಹೊಸದಾಗಿ ಸೇರಿಸಿ. ಇ-ಇಂಕ್ ಪರದೆಯ ಕೀಬೋರ್ಡ್ ನಿಧಾನ. ಬೇಗ ಬೇಗ ಒತ್ತಿದರೆ ಅಕ್ಷರ ಹಾರಿಹೋಗುತ್ತದೆ. ಒಂದೊಂದೇ ಒತ್ತಿ, ಮೂಡಿದ ಮೇಲೆ ಮುಂದಿನದಕ್ಕೆ ಹೋಗಿ. ಸೊನ್ನೆ ಮತ್ತು ಓ, ಒಂದು ಮತ್ತು ಚಿಕ್ಕ ಎಲ್, ಇವೇ ಹೆಚ್ಚು ಮೋಸ ಮಾಡುವುದು. ಮೊದಲ ಅಕ್ಷರ ತಾನಾಗಿ ದೊಡ್ಡದಾಗಿಬಿಟ್ಟಿದೆಯಾ ಎಂದೂ ನೋಡಿ.

ವೈಫೈ ಗುರುತು ಇದೆ, ಪುಸ್ತಕ ಮಾತ್ರ ಇಳಿಯುತ್ತಿಲ್ಲ

ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಹೋಂಸ್ಟೇ, ಲಾಡ್ಜ್‌ನಲ್ಲಿದ್ದೀರಾ? ಅಲ್ಲಿನ ವೈಫೈ ಮೊದಲು ಒಂದು ಪುಟ ತೋರಿಸಿ ರೂಮ್ ನಂಬರೋ ಫೋನ್ ನಂಬರೋ ಕೇಳುವಂಥದ್ದಾಗಿರಬಹುದು. ಫೋನಿನಲ್ಲಿ ಆ ಪುಟ ತಾನಾಗಿ ಬರುತ್ತದೆ, ಇ-ರೀಡರ್‌ನಲ್ಲಿ ಬರದೇ ಹೋಗಬಹುದು. ಇ-ರೀಡರ್‌ನ ವೆಬ್ ಬ್ರೌಸರ್ ತೆರೆದು ಯಾವುದಾದರೂ ವಿಳಾಸ ಹಾಕಿ, ಪುಟ ಮೂಡುತ್ತದೆ.

ಮನೆಯಲ್ಲೇ ಹೀಗಾದರೆ ಇ-ರೀಡರ್‌ನ ಗಡಿಯಾರ ನೋಡಿ. ಬ್ಯಾಟರಿ ಪೂರ್ತಿ ಸತ್ತು ತಿಂಗಳು ಮೂಲೆಯಲ್ಲಿದ್ದ ಇ-ರೀಡರ್ ತಾರೀಖು ಮರೆತಿರುತ್ತದೆ. ತಾರೀಖು ತಪ್ಪಿದ್ದರೆ ಪುಸ್ತಕ ಕಳಿಸುವ ಕಂಪನಿಯ ಸರ್ವರ್‌ನ ಗುರುತುಪತ್ರ ಸರಿಯಿಲ್ಲ ಎಂದುಕೊಂಡು ಅದರ ಜೊತೆ ಮಾತೇ ಆಡುವುದಿಲ್ಲ. ಸಮಯ ಸರಿಮಾಡಿ, ಸಿಂಕ್ ಒತ್ತಿ.

ಲೈನ್ ಬರುವವರೆಗೆ ಕಾಯಲಾಗದಿದ್ದರೆ

ಫೋನಿನ ಹಾಟ್‌ಸ್ಪಾಟ್ ಒಳ್ಳೆಯ ದಾರಿ. ಆದರೆ ಇಲ್ಲೂ ಅದೇ 2.4ರ ಕಥೆ. ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡ್ ಎಂಬಲ್ಲಿ 2.4 ಆರಿಸಿ. ಐಫೋನ್ ಆದರೆ ಪರ್ಸನಲ್ ಹಾಟ್‌ಸ್ಪಾಟ್ ಪುಟದಲ್ಲಿ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಆನ್ ಮಾಡಿ, ಇ-ರೀಡರ್ ಸೇರುವವರೆಗೆ ಆ ಪುಟದಲ್ಲೇ ಇರಿ. ಡೇಟಾ ಖರ್ಚಾದೀತು ಎಂಬ ಭಯ ಬೇಡ. ಚಿತ್ರಗಳಿಲ್ಲದ ಕಾದಂಬರಿ ಸಾಮಾನ್ಯವಾಗಿ ಒಂದೆರಡು ಎಂಬಿ ಅಷ್ಟೆ. ತೋಟದ ಏರಿಯಲ್ಲಿ ಎರಡು ಕಡ್ಡಿ ಸಿಗ್ನಲ್ ಬರುವ ಜಾಗ ಪ್ರತಿ ಮನೆಯವರಿಗೂ ಗೊತ್ತಿರುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ನಾಲ್ಕು ಪುಸ್ತಕ ಇಳಿಸಿಕೊಂಡು ಬನ್ನಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾತ್ರ ದೊಡ್ಡದು, ಅದನ್ನು ಹಾಟ್‌ಸ್ಪಾಟ್‌ನಲ್ಲಿ ಮಾಡಬೇಡಿ.

ಕೇಬಲ್ ದಾರಿಯೂ ಇದೆ. ಕಂಪ್ಯೂಟರ್‌ಗೆ ಸಿಕ್ಕಿಸಿದಾಗ ಬರೀ ಚಾರ್ಜ್ ಆಗುತ್ತಿದ್ದು ಇ-ರೀಡರ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ. ಅಗ್ಗದ ಎಷ್ಟೋ ಕೇಬಲ್‌ಗಳು ಚಾರ್ಜಿಗೆ ಮಾತ್ರ, ಅವುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ನಿಮ್ಮ ಹತ್ತಿರವಿರುವ ಪಿಡಿಎಫ್ ಪುಸ್ತಕಗಳನ್ನು ಕಿಂಡಲ್‌ನ ಡಾಕ್ಯುಮೆಂಟ್ಸ್ ಫೋಲ್ಡರ್‌ಗೆ ಹಾಕಬಹುದು. ಇಪಬ್ (ಇ-ಪುಸ್ತಕಗಳ ಇನ್ನೊಂದು ರೂಪ) ಕಡತವನ್ನು ಹೀಗೆ ನೇರವಾಗಿ ಹಾಕಿದರೆ ಕಿಂಡಲ್ ತೆರೆಯುವುದಿಲ್ಲ, ಕೊಬೋ ತೆರೆಯುತ್ತದೆ. ಕಿಂಡಲ್ ಅಂಗಡಿಯಲ್ಲಿ ಕೊಂಡ ಪುಸ್ತಕವನ್ನು ಕಂಪ್ಯೂಟರ್‌ಗೆ ಇಳಿಸಿ ಕೇಬಲ್‌ನಲ್ಲಿ ಸಾಗಿಸುವ ಸೌಲಭ್ಯ 2025ರ ಫೆಬ್ರವರಿ 26ಕ್ಕೆ ನಿಂತಿತು. ಆದ್ದರಿಂದ ಕೊಂಡ ಪುಸ್ತಕಕ್ಕೆ ಸಾಮಾನ್ಯವಾಗಿ ವೈಫೈ ಬೇಕು.

ನನಗಂತೂ ಇದು ತುಂಬಾ ಮುಖ್ಯ ಅನಿಸುತ್ತದೆ. ನಮ್ಮಂಥ ಊರಿನಲ್ಲಿ ಮಳೆಗಾಲದ ಪುಸ್ತಕಗಳನ್ನು ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಬೇಕು. ಸೌದೆ ಒಣಗಿಸಿ ಒಳಗಿಡುವ ಹೊತ್ತಿಗೆ ಇದೂ ಒಂದು ಕೆಲಸ. ಪಟ್ಟಿಯಲ್ಲಿ ಮುಖಪುಟ ಕಂಡರೆ ಪುಸ್ತಕ ಒಳಗಿದೆ ಎಂದಲ್ಲ. ಒಂದೊಂದನ್ನೂ ತೆರೆದು, ಎರಡು ಪುಟ ತಿರುಗಿಸಿ ನೋಡಿ. ಆಮೇಲೆ ಏರ್‌ಪ್ಲೇನ್ ಮೋಡ್ ಹಾಕಿಡಿ. ವೈಫೈ ಆಫ್ ಇದ್ದರೆ ಒಂದು ಚಾರ್ಜ್ ವಾರಗಟ್ಟಲೆ ಬರುತ್ತದೆ. ಮೂರು ದಿನ ಕರೆಂಟ್ ಇಲ್ಲದಿದ್ದರೂ ಓದು ನಿಲ್ಲುವುದಿಲ್ಲ.

ಎಲ್ಲ ಮಾಡಿಯೂ ಆಗದಿದ್ದರೆ

ಇ-ರೀಡರನ್ನು ಬೇರೆಯವರ ಮನೆಗೆ ಒಯ್ದು ಅಲ್ಲಿನ ವೈಫೈಗೆ ಸೇರಿಸಿ ನೋಡಿ. ಅಲ್ಲಿ ಸಿಕ್ಕಿದರೆ ನಿಮ್ಮ ರೂಟರ್‌ನಲ್ಲೇ ಏನೋ ಇದೆ. 2.4, ಡಬ್ಲ್ಯುಪಿಎ2, ಚಾನೆಲ್ ಈ ಮೂರನ್ನು ಮತ್ತೆ ನೋಡಿ. ಅಲ್ಲೂ ಹಾಟ್‌ಸ್ಪಾಟ್‌ನಲ್ಲೂ ಸಿಗದಿದ್ದರೆ ಸಾಫ್ಟ್‌ವೇರ್ ಹಳತಾಗಿರಬಹುದು. ಕಿಂಡಲ್‌ಗೆ ಅಮೆಜಾನ್ ತಾಣದಿಂದ ನಿಮ್ಮ ಮಾದರಿಯ ಅಪ್‌ಡೇಟ್ ಕಡತವನ್ನು ಕಂಪ್ಯೂಟರ್‌ಗೆ ಇಳಿಸಿ, ಕೇಬಲ್ ಮೂಲಕ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಒತ್ತಬಹುದು. ಮಾದರಿ ತಪ್ಪಬಾರದು.

ಅದೂ ಆದ ಮೇಲೆ ಉಳಿಯುವುದು ರೀಸೆಟ್. ಅದಕ್ಕೆ ಮುಂಚೆ ನೀವೇ ಕೇಬಲ್‌ನಲ್ಲಿ ಹಾಕಿದ ಕಡತಗಳನ್ನು ಕಂಪ್ಯೂಟರ್‌ಗೆ ನಕಲು ಮಾಡಿ, ಖಾತೆಯ ಪಾಸ್‌ವರ್ಡ್ ಗೊತ್ತಿದೆಯೇ ನೋಡಿಕೊಳ್ಳಿ, ಮತ್ತು ಫೋನಿಗೆ ವೈಫೈ ಚೆನ್ನಾಗಿ ಬರುತ್ತಿರುವ ದಿನವೇ ಮಾಡಿ. ರೀಸೆಟ್ ಆದ ಮೇಲೂ ಎಲ್ಲಿಯೂ ವೈಫೈ ಸಿಗದಿದ್ದರೆ ಒಳಗಿನ ವೈಫೈ ಭಾಗವೇ ಹೋಗಿದೆ ಎನ್ನಬೇಕು. ವಾರಂಟಿ ಇದ್ದರೆ ಕೇಳಿ. ಇಲ್ಲದಿದ್ದರೂ ಎಸೆಯಬೇಡಿ. ಪರದೆ ಸರಿಯಿದ್ದು ಕೇಬಲ್‌ಗೆ ಸಿಕ್ಕುವವರೆಗೆ ಪಿಡಿಎಫ್ ಹಾಕಿಕೊಂಡು ಓದಲು ಅಡ್ಡಿಯಿಲ್ಲ.

ಚಿಕ್ಕಮ್ಮ ಈಗ ರೂಟರ್ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ, "ಜಗಲಿ, 2.4, ಆಫ್ ಮಾಡಬಾರದು" ಎಂದು ತಮ್ಮ ಗುಂಡು ಅಕ್ಷರದಲ್ಲಿ ಬರೆದಿದ್ದಾರೆ. ಲೈನ್ ನೋಡಲು ಯಾರು ಬಂದರೂ ಕಾಫಿ ಕೊಡುವ ಮೊದಲು ಅದನ್ನು ತೋರಿಸುತ್ತಾರೆ.